ಅಮ್ಮ ಟೀವಿ ನೋಡಬಹುದೇ?

ಕಳೆದ ತಿಂಗಳು ಇಂಗ್ಲೆಂಡಿನ ರೆಡಿಂಗ್ ಪಟ್ಟಣದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹೆಸರು ಬೇಡ. ಕೊನೆಯ ಬೆಂಚಿನಲ್ಲಿ ಕುಳಿತು, ಲೆಕ್ಕವನ್ನು ಮಾತ್ರ ಎಲ್ಲರಿಗಿಂತ ಮೊದಲು ಮುಗಿಸುತ್ತಿದ್ದ ಹುಡುಗ ಎಂದರೆ ಅವನ ಸಹಪಾಠಿಗಳಿಗೆ ಗೊತ್ತಾದೀತು. ಕುಶಲೋಪರಿಯೆಲ್ಲ ಮುಗಿದ ಮೇಲೆ, "ಮೇಷ್ಟ್ರೇ, ಒಂದು ವಿಚಿತ್ರ ಸಂಗತಿ. ಅಮ್ಮ ಟೀವಿ ನೋಡುವುದನ್ನೇ ಬಿಟ್ಟುಬಿಟ್ಟಿದ್ದಾರೆ. ನೀವೊಂದು ಮಾತು ಹೇಳಬೇಕು" ಎಂದ.

ಆ ತಾಯಿ ನಮ್ಮ ಹುಳಿಮಾವಿನವರೇ. ಯಜಮಾನರು ತೀರಿಕೊಂಡ ಮೇಲೆ ವರ್ಷಕ್ಕೊಮ್ಮೆ ಮಗನ ಮನೆಗೆ ಹೋಗಿ ನಾಲ್ಕೈದು ತಿಂಗಳು ಇದ್ದು ಬರುತ್ತಾರೆ. ಇಂಗ್ಲಿಷ್ ಬಾರದು. ಮಗ ಸೊಸೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೊರಟರೆಂದರೆ ಆ ಮನೆಯಲ್ಲಿ ಅವರಿಗೆ ಕನ್ನಡ ಕೇಳಿಸುವುದು ಟೀವಿಯಿಂದ ಮಾತ್ರ. ಅಂತರ್ಜಾಲದ ಮೂಲಕ ನಮ್ಮ ವಾಹಿನಿಗಳು ಅಲ್ಲಿಗೂ ತಲುಪುತ್ತವೆ. ಇಲ್ಲಿ ಸಂಜೆ ಏಳು ಗಂಟೆಯಾದಾಗ ಅಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಒಂದೂವರೆ, ಬೇಸಿಗೆಯಲ್ಲಿ ಎರಡೂವರೆ. ಊಟ ಮುಗಿಸಿ ಕುಳಿತರೆ, ಹುಳಿಮಾವಿನಲ್ಲಿ ಅವರ ಪಕ್ಕದ ಮನೆಯಾಕೆ ನೋಡುತ್ತಿರುವ ಧಾರಾವಾಹಿಯನ್ನೇ ಅದೇ ಗಳಿಗೆಯಲ್ಲಿ ಅವರೂ ನೋಡುತ್ತಿದ್ದರು. ಮರುದಿನ ಫೋನಿನಲ್ಲಿ ಇಬ್ಬರೂ ಆ ಕಥೆಯ ಅತ್ತೆಯನ್ನು ಬೈಯುವುದು ವಾಡಿಕೆ.

ಹೀಗಿರಲು, ಅಲ್ಲಿಯ ಕನ್ನಡಿಗರ ಯಾವುದೋ ಹಬ್ಬದ ಕೂಟದಲ್ಲಿ ಹಿತೈಷಿಯೊಬ್ಬರು ಇವರಿಗೆ ಬುದ್ಧಿವಾದ ಹೇಳಿದರಂತೆ. ಈ ದೇಶದಲ್ಲಿ ಟೀವಿ ನೋಡಲು ಲೈಸೆನ್ಸು ಬೇಕು, ಲೈಸೆನ್ಸು ಇರುವುದು ನಿಮ್ಮ ಮಗನ ಹೆಸರಿನಲ್ಲಿ, ನೀವು ಹೊರಗಿನಿಂದ ಬಂದವರು, ಸಿಕ್ಕಿಬಿದ್ದರೆ ಸಾವಿರ ಪೌಂಡು ದಂಡ, ಎಂದು. ಸಾವಿರ ಪೌಂಡೆಂದರೆ ಲಕ್ಷ ರೂಪಾಯಿಗೂ ಮೇಲೆ. ಆಕೆ ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು. (ಮಗನಿಗೆ ಲೆಕ್ಕ ಬಂದದ್ದು ಎಲ್ಲಿಂದ ಎಂಬುದು ನನಗೀಗ ತಿಳಿಯಿತು.) ಅಂದಿನಿಂದ ಟೀವಿ ಹಾಕಿದರೆ ಎದ್ದು ಕೋಣೆಗೆ ಹೋಗತೊಡಗಿದರು. ಮಗ ಎಷ್ಟು ಹೇಳಿದರೂ, "ನನ್ನ ಸಲುವಾಗಿ ನಿನಗೆ ದಂಡ ಬೀಳುವುದು ಬೇಡ" ಎಂಬುದೊಂದೇ ಉತ್ತರ. ಹೀಗೆ ಹದಿನೈದು ದಿನ ನಡೆದಿದೆ.

ಕೇಳಿ ನನಗೆ ಮೊದಲು ನಗು ಬಂದಿತು, ಆಮೇಲೆ ಸಂಕಟವಾಯಿತು. ಅಲ್ಲಿಯ ಲೈಸೆನ್ಸು ವ್ಯವಸ್ಥೆಯವರು ಪ್ರಕಟಿಸಿರುವ ನಿಯಮಗಳನ್ನು ಮೊಮ್ಮಗನಿಂದ ತೆಗೆಸಿ ಎರಡು ಸಲ ಓದಿದೆ. ನಿಮ್ಮಲ್ಲಿ ಅನೇಕರ ಮಕ್ಕಳು ಅಲ್ಲಿದ್ದಾರೆ, ತಂದೆತಾಯಿಯರು ಹೋಗಿಬರುತ್ತಾರೆ. ಆದ್ದರಿಂದ ತಿಳಿದದ್ದನ್ನು ಇಲ್ಲಿ ಬರೆದಿಡುತ್ತೇನೆ.

ಬ್ರಿಟನ್ನಿನ ಟೀವಿ ಲೈಸೆನ್ಸು ವ್ಯಕ್ತಿಗೆ ಸೇರಿದ್ದಲ್ಲ, ವಿಳಾಸಕ್ಕೆ ಸೇರಿದ್ದು. ಆ ಮನೆಗೆ ಲೈಸೆನ್ಸು ಇದ್ದರೆ ಅಲ್ಲಿ ಎಷ್ಟು ಟೀವಿಗಳಿದ್ದರೂ, ಅವನ್ನು ಎಷ್ಟು ಜನ ನೋಡಿದರೂ ಅದೊಂದೇ ಸಾಕು. ನೆಂಟರ ಮನೆಯ ಟೀವಿಯನ್ನು ನೋಡುವವನಿಗೆ ನೆಂಟರ ಲೈಸೆನ್ಸೇ ರಕ್ಷೆ. ನಮ್ಮ ಹಿತೈಷಿಯವರ ಮಾತು ಶುದ್ಧ ತಪ್ಪು. ದಂಡದ ಮೊತ್ತವೊಂದು ಮಾತ್ರ ಸರಿ. ಲೈಸೆನ್ಸೇ ಇಲ್ಲದ ಮನೆಯಲ್ಲಿ ನೋಡಿ ನ್ಯಾಯಾಲಯದವರೆಗೆ ಹೋದರೆ ಸಾವಿರ ಪೌಂಡಿನವರೆಗೂ ದಂಡ ವಿಧಿಸಬಹುದು. ಅರ್ಧ ಸತ್ಯಕ್ಕೆ ಇರುವ ಬಲ ಪೂರ್ಣ ಸುಳ್ಳಿಗೆ ಇರುವುದಿಲ್ಲ.

ಒಂದು ಸೂಕ್ಷ್ಮವುಂಟು. ಅತಿಥಿ ತನ್ನದೇ ಫೋನನ್ನೋ ಟ್ಯಾಬ್ಲೆಟ್ಟನ್ನೋ ತಂದು, ಲೈಸೆನ್ಸಿಲ್ಲದ ಮನೆಯಲ್ಲಿ ಕುಳಿತು ನೋಡಿದರೆ? ಅವನ ಸ್ವಂತ ಮನೆಗೆ ಲೈಸೆನ್ಸು ಇದ್ದು, ಆ ಯಂತ್ರ ತನ್ನ ಬ್ಯಾಟರಿಯಿಂದಲೇ ನಡೆಯುತ್ತಿದ್ದರೆ ಅಡ್ಡಿಯಿಲ್ಲ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದನೋ, ಆ ಮನೆಗೂ ಲೈಸೆನ್ಸು ಬೇಕು. ಅಂದರೆ ಬ್ಯಾಟರಿ ಮುಗಿಯುವವರೆಗೆ ನ್ಯಾಯ, ಚಾರ್ಜಿಗೆ ಹಾಕಿದ ಕೂಡಲೇ ಅಪರಾಧ! ಇದನ್ನು ಓದಿ ನನ್ನ ಮೊಮ್ಮಗ ಬಿದ್ದು ಬಿದ್ದು ನಕ್ಕ. ನನಗೇಕೋ ನಗಬೇಕೆನಿಸಲಿಲ್ಲ. ಕಾನೂನು ಎಲ್ಲಿಯೋ ಒಂದು ಗೆರೆ ಎಳೆಯಲೇಬೇಕು. ಮನೆ ಯಾವುದು ಎಂಬ ಪ್ರಶ್ನೆಗೆ ಅದು ವಿದ್ಯುತ್ತಿನ ತಂತಿಯನ್ನು ಹಿಡಿದು ಉತ್ತರ ಹುಡುಕಿದೆ, ಅಷ್ಟೆ.

ಇನ್ನೊಂದು ಮಾತನ್ನು ಅಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಕಿವಿ ಹಿಂಡಿಯೇ ಹೇಳಬೇಕು. "ನಾವು ಬಿಬಿಸಿ ನೋಡುವುದಿಲ್ಲ, ಕನ್ನಡ ವಾಹಿನಿ ಮಾತ್ರ ನೋಡುತ್ತೇವೆ, ನಮಗೇಕೆ ಲೈಸೆನ್ಸು?" ಎನ್ನುವವರು ನಿಮ್ಮಲ್ಲಿ ಇದ್ದೀರಂತೆ. ಅದು ಸರಿಯಲ್ಲ. ಯಾವ ದೇಶದ, ಯಾವ ಭಾಷೆಯ ವಾಹಿನಿಯಾದರೂ ಪ್ರಸಾರವಾಗುತ್ತಿರುವಾಗಲೇ ನೋಡಿದರೆ ಲೈಸೆನ್ಸು ಬೇಕೇ ಬೇಕು. ಪ್ರಸಾರ ಮುಗಿದ ಕಂತನ್ನು ಆಮೇಲೆ ಯೂಟ್ಯೂಬಿನಲ್ಲಿ ನೋಡುವುದಕ್ಕೆ ಬೇಡ. ಬಿಬಿಸಿಯ ಐಪ್ಲೇಯರಿನಲ್ಲಿ ನೋಡುವುದಾದರೆ 2016ರ ಸೆಪ್ಟೆಂಬರಿನಿಂದ ಅದಕ್ಕೂ ಬೇಕು. ಎಪ್ಪತ್ತೈದು ದಾಟಿದವರಿಗೆಲ್ಲ ಉಚಿತ ಎಂಬುದೂ ಹಳೆಯ ಮಾತು. 2020ರ ಆಗಸ್ಟ್ 1ರಿಂದ ಆ ರಿಯಾಯಿತಿಯು ಪೆನ್ಷನ್ ಕ್ರೆಡಿಟ್ ಎಂಬ ಸರ್ಕಾರಿ ನೆರವು ಪಡೆಯುವ ಮನೆಗಳಿಗಷ್ಟೇ ಉಳಿದಿದೆ. ಶುಲ್ಕ 2025ರ ಏಪ್ರಿಲಿನಲ್ಲಿ ವರ್ಷಕ್ಕೆ 174.50 ಪೌಂಡಿಗೆ ಏರಿತು. ಕಡಿಮೆಯೇನಲ್ಲ. ಆದರೆ ಕಟ್ಟಬೇಕಾದ್ದನ್ನು ಕಟ್ಟಿ.

ಇಷ್ಟನ್ನೂ ಆ ತಾಯಿಗೆ ಫೋನಿನಲ್ಲಿ ವಿವರಿಸಿದೆ. "ನೀವು ಹೇಳುವುದು ಸರಿ ಇರಬಹುದು ಮೇಷ್ಟ್ರೇ, ಆದರೂ ಅವರು ಕೇಳಿದರೆ ಏನು ಹೇಳುವುದು?" ಎಂದರು. ನಿಯಮಗಳಿಂದ ಭಯ ಹೋಗುವುದಿಲ್ಲ ಎಂಬುದು ಪಾಠ ಮಾಡಿದ ನನಗೆ ಗೊತ್ತಿರಬೇಕಿತ್ತು. ಆಗ ಹಳೆಯದೊಂದು ದಿನವನ್ನು ಜ್ಞಾಪಿಸಿದೆ.

ಚಿಕ್ಕವರಿಗೆ ತಿಳಿಯದಿರಬಹುದು, ನಮ್ಮ ದೇಶದಲ್ಲಿಯೂ ಈ ಲೈಸೆನ್ಸು ಇತ್ತು. 1933ರ ಭಾರತೀಯ ನಿಸ್ತಂತು ತಂತಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ರೇಡಿಯೊ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಅಂಚೆ ಕಚೇರಿಯಲ್ಲಿ ಒಂದು ಚಿಕ್ಕ ಪುಸ್ತಕ ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಹೋಗಿ ಹಣ ಕಟ್ಟಿ ಅದರಲ್ಲಿ ಮುದ್ರೆ ಒತ್ತಿಸಿಕೊಂಡು ಬರಬೇಕು. ನಮ್ಮ ತಂದೆಯವರು ರೇಡಿಯೊಗೆಂದು ಹದಿನೈದು ರೂಪಾಯಿ ಎಣಿಸಿ ತೆಗೆದಿಡುತ್ತಿದ್ದುದು, ಆ ಪುಸ್ತಕವನ್ನು ಜಮೀನಿನ ಪತ್ರಗಳ ಜೊತೆ ಟ್ರಂಕಿನಲ್ಲಿಡುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಟೀವಿ ಬಂದ ಮೇಲೆ ಅದಕ್ಕೆ ಐವತ್ತು ರೂಪಾಯಿ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ನಾನು ಹುಳಿಮಾವಿಗೆ ವರ್ಗವಾಗಿ ಬಂದದ್ದೂ ಅದೇ ವರ್ಷ. ಆಗ ಇದು ಬೆಂಗಳೂರಲ್ಲ, ಬನ್ನೇರುಘಟ್ಟ ರಸ್ತೆಯ ಪಕ್ಕದ ಒಂದು ಹಳ್ಳಿ. ಕೆರೆ, ತೋಪು, ರಾಗಿ ಹೊಲ. ಟೀವಿ ಇದ್ದದ್ದು ಬೆರಳೆಣಿಕೆಯ ಮನೆಗಳಲ್ಲಿ.

1984ರ ನವೆಂಬರ್ 3, ಶನಿವಾರ. ಇಂದಿರಾ ಗಾಂಧಿಯವರ ಅಂತ್ಯಸಂಸ್ಕಾರದ ನೇರ ಪ್ರಸಾರ. ಊರಿನ ಹಿರಿಯರೊಬ್ಬರ ತೊಟ್ಟಿ ಮನೆಯಲ್ಲಿ ಕಪ್ಪು-ಬಿಳುಪಿನ ಟೀವಿಯೊಂದನ್ನು ಮೇಜಿನ ಮೇಲೆ ಎತ್ತರಕ್ಕೆ ಇರಿಸಿದ್ದರು. ಜಗಲಿ, ಪಡಸಾಲೆ, ಅಂಗಳ ಎಲ್ಲೆಲ್ಲೂ ಜನ. ಕಿಟಕಿಯ ಸರಳು ಹಿಡಿದು ನಿಂತವರು ಬೇರೆ. ಜಾತಿಯ ಕಾರಣಕ್ಕೆ ಎಂದೂ ಆ ಹೊಸ್ತಿಲು ದಾಟದಿದ್ದ ಕೆಲವರು ಅಂದು ಒಳಗೆ ಬಂದು ಕುಳಿತರು. ಯಾರೂ ಏನೂ ಅನ್ನಲಿಲ್ಲ. ಮನೆಯವರು ಹೊತ್ತು ಹೊತ್ತಿಗೆ ನೀರು ಮಜ್ಜಿಗೆ ಕೊಟ್ಟರು. ಆ ಜನರ ನಡುವೆ ಕಂಬಕ್ಕೆ ಒರಗಿ, ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಅಳುತ್ತ ನಿಂತಿದ್ದ ಎಳೆಯ ಸೊಸೆಯೊಬ್ಬಳು ನನಗೆ ನೆನಪಿದೆ. ಆ ಕೂಸೇ ಇಂದು ರೆಡಿಂಗಿನಲ್ಲಿ ಇರುವವನು.

"ಅಮ್ಮಾ, ಅಂದು ನೀವು ನೋಡಿದಿರಲ್ಲ, ನಿಮ್ಮ ಕೈಯಲ್ಲಿ ಲೈಸೆನ್ಸು ಇತ್ತೇ?" ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಇಡೀ ಊರಿಗೇ ಇರಲಿಲ್ಲವಲ್ಲ ಮೇಷ್ಟ್ರೇ. ಆ ಮನೆಯವರದೇ" ಎಂದರು. "ಈಗಲೂ ಅಷ್ಟೇ. ಮನೆಯವರದು ಸಾಕು" ಎಂದೆ. ಅದು ನಾಟಿತು.

ನಮ್ಮ ಲೈಸೆನ್ಸು ಪೆಟ್ಟಿಗೆಗಿತ್ತು, ಕಣ್ಣುಗಳಿಗಲ್ಲ. ಅಷ್ಟೇ ಏಕೆ, 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಟೀವಿ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸರ್ಕಾರವೇ ಊರಿಗೊಂದು ಟೀವಿ ಇಟ್ಟಿತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಟೀವಿ ಎಂಬುದು ನಮ್ಮ ನಾಡಿಗೆ ಮೊದಲು ಬಂದದ್ದೇ ಹೀಗೆ, ಊರವರೆಲ್ಲ ಸೇರಿ ಒಂದು ಪೆಟ್ಟಿಗೆಯ ಮುಂದೆ ಕುಳಿತು ನೋಡುವ ವಸ್ತುವಾಗಿ. 1985ರಲ್ಲಿ ಲೈಸೆನ್ಸನ್ನೇ ತೆಗೆದುಹಾಕಿದರು. ಎಲ್ಲರಿಗೂ ಸಂತೋಷವಾಯಿತು. ನನಗೂ ಆಯಿತು. ಆದರೆ ಹಣ ಕೊಡುವುದು ನಿಂತ ಮೇಲೆ "ನನ್ನ ದುಡ್ಡಿಗೆ ಇದೇನು ತೋರಿಸುತ್ತಿದ್ದೀರಿ?" ಎಂದು ಗದರುವ ಹಕ್ಕೂ ನಮ್ಮ ಕೈತಪ್ಪಿತು ಎಂದು ಆಮೇಲೆ ಅನ್ನಿಸಿದ್ದುಂಟು. ಅದು ಬೇರೆಯೇ ಲೇಖನದ ವಿಷಯ.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ನಮ್ಮ ಹುಡುಗನಿಗೆ ಬೇರೊಂದು ಸಂದೇಹವಿತ್ತು. ಅಮ್ಮ ಮೊಟ್ಟೆ ಬೇಯಿಸಿದ ಪಾತ್ರೆಯಲ್ಲಿ ಅಡಿಗೆ ಮಾಡುವವರಲ್ಲ. ಸೊಸೆ, ಮೊಮ್ಮಗಳು ತಿನ್ನುತ್ತಾರೆ. ಜಗಳವೇನಿಲ್ಲ, ಆದರೆ ದಿನವೂ ಎರಡೆರಡು ಸಲ ಪಾತ್ರೆ ತೊಳೆಯುವ ಮುಜುಗರ. ಆದ್ದರಿಂದ ಮನೆಗೆ ಅಂಟಿದ ಕಾರಿನ ಕೋಣೆಯನ್ನು ಬದಲಾಯಿಸಿ, ಸಣ್ಣದೊಂದು ಒಲೆ, ಬಚ್ಚಲು, ಪ್ರತ್ಯೇಕ ಬಾಗಿಲು ಇಟ್ಟು ಅಮ್ಮನಿಗೆ ಸ್ವತಂತ್ರವಾಗಿ ಮಾಡಿಕೊಡಬೇಕೆಂದಿದ್ದಾನೆ. ಅಲ್ಲಿ ಟೀವಿ ಇಟ್ಟರೆ?

ಇಲ್ಲಿ ನಿಯಮ ಬೇರೆಯಾಗುತ್ತದೆ. ಮನೆಯೊಡೆಯನ ಬಂಧುವಾಗಿ ಅದೇ ಮನೆಯಲ್ಲಿ ವಾಸಿಸುವವರಿಗೆ ಅವನ ಲೈಸೆನ್ಸೇ ಸಾಕು. ಆದರೆ ಎಲ್ಲ ಅನುಕೂಲಗಳೂ ತನ್ನೊಳಗೇ ಇರುವ ಪ್ರತ್ಯೇಕ ವಾಸವಾದರೆ, ಅದು ಅದೇ ಅಂಗಳದಲ್ಲಿದ್ದರೂ, ಬೇರೆ ಲೈಸೆನ್ಸು. ಹುಡುಗನಿಗೆ ಇದು ಕೇಳಿ ಸಿಟ್ಟೇ ಬಂದಿತು. "ಹೆತ್ತ ತಾಯಿ ನನ್ನ ಮನೆಯವಳಲ್ಲವೇ ಮೇಷ್ಟ್ರೇ?" ಎಂದ.

ನನ್ನ ಅಭಿಪ್ರಾಯ ಅವನಿಗೆ ಹಿಡಿಸಲಿಲ್ಲ, ಆದರೂ ಬರೆಯುತ್ತೇನೆ. ಆ ಕಾನೂನು ಪರದೇಶದ್ದಾದರೂ ನಮ್ಮ ಅಜ್ಜಿಯರು ಆಡುತ್ತಿದ್ದ ಮಾತನ್ನೇ ಆಡುತ್ತಿದೆ. ನಮ್ಮಲ್ಲಿ ಅಣ್ಣತಮ್ಮಂದಿರು ಬೇರೆಯಾದರು ಎನ್ನುವುದು ಯಾವಾಗ? ಒಂದೇ ಸೂರಿನ ಕೆಳಗಿದ್ದರೂ ಒಲೆ ಎರಡಾದಾಗ. ನಮ್ಮ ಜನಗಣತಿಯವರೂ ಒಂದು ಕುಟುಂಬವೆಂದು ಬರೆದುಕೊಳ್ಳುವುದು ಒಟ್ಟಿಗೆ ವಾಸಿಸುತ್ತ ಒಂದೇ ಅಡಿಗೆಮನೆಯಲ್ಲಿ ಉಣ್ಣುವವರನ್ನು. ಇಬ್ಬರೂ ರಕ್ತಸಂಬಂಧವನ್ನು ಅಳೆಯುತ್ತಿಲ್ಲ, ಬಾಳಿನ ಏರ್ಪಾಟನ್ನು ಎಣಿಸುತ್ತಿದ್ದಾರೆ. ಬೇರೆ ಬಾಗಿಲು, ಬೇರೆ ಒಲೆ ಮಾಡುವವನು ಬೇರೆ ಲೈಸೆನ್ಸನ್ನೂ ಕಟ್ಟಬೇಕೆಂದರೆ ಅದರಲ್ಲಿ ಅವಮಾನವೇನೂ ಇಲ್ಲ.

ಹೀಗೆ ಬಹಿರಂಗವಾಗಿ ಬರೆದಿಟ್ಟ ಗೆರೆ ನನಗೆ ಒಪ್ಪಿತ. ಒಪ್ಪದಿರುವುದು ಈಚಿನ ಬಗೆ. 2017ರಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಎಂಬರ್ಥದ ಮಾತನ್ನು ಸಾರಿದ್ದ ನೆಟ್‌ಫ್ಲಿಕ್ಸ್, 2023ರ ಜುಲೈ 20ರಿಂದ ಭಾರತದಲ್ಲಿ ಒಂದು ಖಾತೆ ಒಂದು ಮನೆಯವರಿಗೆ ಮಾತ್ರ ಎಂದಿತು. ವ್ಯಾಪಾರಿಗೆ ಆ ಹಕ್ಕಿದೆ, ಬಿಟ್ಟಿ ನೋಡುವವರ ಪರವಾಗಿ ನಾನು ವಕಾಲತ್ತು ಹಾಕುವುದಿಲ್ಲ. ಆದರೆ ಯಾರು ಮನೆಯವರು ಎಂಬುದನ್ನು ಅಲ್ಲಿ ತೀರ್ಮಾನಿಸುವುದು ಅಂತರ್ಜಾಲದ ವಿಳಾಸ, ಯಂತ್ರದ ಗುರುತು, ಖಾತೆಯ ಬಳಕೆ. ಇನ್‌ಸ್ಪೆಕ್ಟರು ಬಂದರೆ ಬಾಗಿಲಲ್ಲಿ ನಿಲ್ಲಿಸಿ, "ಸ್ವಾಮೀ, ಇವರು ನಮ್ಮ ತಾಯಿ" ಎಂದು ಹೇಳಬಹುದಿತ್ತು. ಯಂತ್ರಕ್ಕೆ ಹೇಳುವುದು ಹೇಗೆ?

ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟು: "ಅಮ್ಮನಿಗೆ ಒಲೆ ಬೇಕೆಂದಿದ್ದರೆ ಒಲೆ ಇಡು, ಹಣ ಕಟ್ಟು. ಆದರೆ ಟೀವಿ ಬೇರೆ ಇಡುವ ಮುನ್ನ ಅವರನ್ನು ಒಮ್ಮೆ ಕೇಳು." ಕೇಳಿದನಂತೆ. ಒಲೆ ಸಾಕು, ಟೀವಿ ಬೇಡ, ಸಂಜೆ ಮೊಮ್ಮಗಳು ಸೋಫಾದಲ್ಲಿ ಪಕ್ಕಕ್ಕೆ ಬಂದು ಕೂರುತ್ತಾಳೆ, ಅದು ತಪ್ಪಿಹೋಗುತ್ತದೆ ಎಂದರಂತೆ. ಕಾರಿನ ಕೋಣೆಯ ಕೆಲಸ ಇನ್ನೂ ಶುರುವಾಗಿಲ್ಲ. ಟೀವಿಯ ಮುಂದೆ ಮಾತ್ರ ಆಕೆ ಮತ್ತೆ ಕುಳಿತಿದ್ದಾರೆ. ತಪ್ಪಿಹೋದ ಹದಿನೈದು ದಿನಗಳ ಕಂತುಗಳ ಕಥೆಯನ್ನು ನನ್ನ ಮನೆಯಾಕೆ ಎರಡು ಹಾಳೆಗಳಲ್ಲಿ ಬರೆದು, ಮೊಮ್ಮಗನಿಂದ ಅದರ ಚಿತ್ರ ತೆಗೆಸಿ ಕಳುಹಿಸಿದಳು. ಅತ್ತೆ ಇನ್ನೂ ಸುಧಾರಿಸಿಲ್ಲವಂತೆ.