ಗೆರೆ ಕಂಡರೆ ತಪ್ಪಾ?

ಮಳೆ ಹಿಡಿಯುವ ಮುಂಚೆ ಕಳಸದಲ್ಲಿ ಹತ್ತಿರದವರ ಮನೆ ಮದುವೆಗೆ ಹೋಗಿದ್ದೆವು. ಮೂಡಿಗೆರೆಯಲ್ಲಿ ಪಿಯುಸಿ ಓದುವ ನಮ್ಮ ನಾದಿನಿ ಮಗಳು ತಿಳಿಗುಲಾಬಿ ಕುರ್ತಾ, ಬಿಳಿ ಲೆಗ್ಗಿಂಗ್ಸ್ ಹಾಕಿಕೊಂಡು ಲವಲವಿಕೆಯಿಂದ ಓಡಾಡಿಕೊಂಡಿದ್ದಳು. ಪಂಕ್ತಿಯಲ್ಲಿ ಪಾಯಸ ಬಡಿಸಲು ಬಗ್ಗಿದಾಗ ಯಾರೋ ಹಿರಿಯ ಹೆಂಗಸು ಅವಳ ಕುರ್ತಾ ಹಿಡಿದು ಎಳೆದು, ಕಿವಿಯಲ್ಲಿ ಏನೋ ಹೇಳಿದರು. ಹುಡುಗಿ ಪಾಯಸದ ಬಕೆಟ್ ಅಲ್ಲೇ ಇಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬಂದದ್ದು ಅಮ್ಮನ ಶಾಲು ಹೊದ್ದುಕೊಂಡು, ಅದೂ ಆ ಸೆಕೆಯಲ್ಲಿ!

"ಏನಾಯ್ತೇ?" ಎಂದೆ.

"ಹಿಂದೆ ಚಡ್ಡಿ ಗೆರೆ ಕಾಣ್ತಿದೆಯಂತೆ ಅತ್ತೆ" ಎಂದಳು. ಕಣ್ಣಲ್ಲಿ ನೀರು.

ಊಟ ಮಾಡದೇ ಹೊರಟ ಆ ಮಗುವಿನ ಮುಖ ಎಷ್ಟೋ ದಿನ ನನ್ನ ಕಣ್ಣ ಮುಂದೆ ಇತ್ತು. ಫ್ಯಾಷನ್ ಪುಟಗಳೂ ಇದನ್ನು 'ದೊಡ್ಡ ಪ್ರಮಾದ' ಎಂದೇ ಬರೆಯುತ್ತವೆ. ಒಳಉಡುಪು ಎಲ್ಲರೂ ಹಾಕುತ್ತೇವೆ, ಹಾಕದಿದ್ದರೆ ಇನ್ನೂ ದೊಡ್ಡ ರಂಪ. ಹಾಗಿರುವಾಗ ಹಾಕಿದ್ದು ಗೊತ್ತಾದರೆ ತಪ್ಪು ಹೇಗಾಗುತ್ತದೆ? ನೀವೇ ಹೇಳಿ.

ಈ 'ತಪ್ಪು' ಹುಟ್ಟಿದ್ದೆಲ್ಲಿ?

ಗೊಬ್ಬೆ ಸೀರೆ ಉಡುತ್ತಿದ್ದ ನಮ್ಮ ಮಲೆನಾಡಿನ ಅಜ್ಜಿಯರಿಗೆ ಈ ಗೆರೆಯ ಚಿಂತೆಯೇ ಇರಲಿಲ್ಲ. ಇವತ್ತು ನಾವು 'ಸಂಪ್ರದಾಯ' ಎನ್ನುವ ರವಿಕೆ, ಲಂಗದ ಜೊತೆಗಿನ ಸೀರೆಯೂ ಬಹಳ ಹಳೆಯದೇನಲ್ಲ. 1860ರ ದಶಕದಲ್ಲಿ ಮುಂಬೈಗೆ ಬಂದ ಠಾಕೂರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ ಅಂಥ ಉಡುಗೆಯನ್ನು ಬಂಗಾಳದಲ್ಲಿ ರೂಢಿಗೆ ತಂದವರು. ಅಂದರೆ ಯಾವುದು ಒಳಗಿರಬೇಕು, ಯಾವುದು ಹೊರಗೆ ಕಾಣಬಹುದು ಎನ್ನುವುದು ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿದೆ.

ಗೆರೆಯ ಗಲಾಟೆ ಬಂದದ್ದು ಮೈಗಂಟುವ ಪ್ಯಾಂಟಿನ ಜೊತೆ. 1977ರ 'ಆ್ಯನಿ ಹಾಲ್' ಎಂಬ ಹಾಲಿವುಡ್ ಸಿನಿಮಾದಲ್ಲಿ ಈ ಗೆರೆಯ ಬಗ್ಗೆ ಒಂದು ತಮಾಷೆಯ ಮಾತು ಬರುತ್ತದೆ. ತಮಾಷೆ ಬರಬರುತ್ತಾ ವ್ಯಾಪಾರವಾಯಿತು. ಬಿಳಿ ಪ್ಯಾಂಟಿನಲ್ಲಿ ಗೆರೆ ಕಾಣಬಾರದೆಂದು ಅಮೆರಿಕದ ಸಾರಾ ಬ್ಲೇಕ್ಲಿ ತಮ್ಮ ಉದ್ದ ಕಾಲುಚೀಲದ ಪಾದ ಕತ್ತರಿಸಿ ಒಳಗೆ ಹಾಕಿಕೊಂಡರಂತೆ. ಅದೇ ಉಪಾಯದಿಂದ 2000ದಲ್ಲಿ 'ಸ್ಪ್ಯಾಂಕ್ಸ್' ಕಂಪನಿ ಹುಟ್ಟಿತು. 2012ರ ಹೊತ್ತಿಗೆ 'ಫೋರ್ಬ್ಸ್' ಪತ್ರಿಕೆಯ ಶತಕೋಟ್ಯಧೀಶರ ಪಟ್ಟಿಯಲ್ಲಿ ಅವರ ಹೆಸರಿತ್ತು. ಆಕೆಯ ಜಾಣತನವನ್ನು ಮೆಚ್ಚೋಣ. ಆದರೆ ಒಂದು ಮಾತು ನೆನಪಿಡಿ, ನಾವು ಯಾವುದಕ್ಕೆ ನಾಚುತ್ತೇವೋ ಅದಕ್ಕೆ ಅಂಗಡಿಯಲ್ಲಿ ಮದ್ದು ಸಿದ್ಧವಾಗಿರುತ್ತದೆ. ಈಗ ನಮ್ಮ ಪೇಟೆಗಳಿಗೂ ಸೀರೆಯೊಳಗೆ ಹಾಕುವ ಬಿಗಿಯಾದ ಶೇಪ್‌ವೇರ್ ಲಂಗ ಬಂದಿದೆ. ಅದನ್ನು ಹಾಕಿಕೊಂಡು ನೆಲದ ಮೇಲೆ ಊಟಕ್ಕೆ ಕೂತು ನೋಡಿ, ಗೊತ್ತಾಗುತ್ತೆ!

ಅವರದಾದರೆ ಸುದ್ದಿ, ನಮ್ಮದಾದರೆ ನಾಚಿಕೆ

ಚಡ್ಡಿ ಎನ್ನುವ ಶಬ್ದಕ್ಕೆ ನಮ್ಮ ರಾಜ್ಯದಲ್ಲಿ ನಾಚಿಕೆ ಇದೆ ಎಂದುಕೊಂಡಿದ್ದರೆ ಅದು ಸುಳ್ಳು. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದರಲ್ಲಿ ಶ್ರೀರಾಮ ಸೇನೆಯವರು ಹುಡುಗಿಯರ ಮೇಲೆ ಹಲ್ಲೆ ನಡೆಸಿದರೆಂಬ ಸುದ್ದಿ ದೇಶವಿಡೀ ಟಿವಿಯಲ್ಲಿ ಬಂತು. ಅದನ್ನು ಪ್ರತಿಭಟಿಸಿದ ಹೆಣ್ಣುಮಕ್ಕಳು ಫೆಬ್ರುವರಿಯಲ್ಲಿ ಪ್ರೇಮಿಗಳ ದಿನದ ಹೊತ್ತಿಗೆ ಸಂಘಟನೆಯ ಮುಖ್ಯಸ್ಥ ಪ್ರಮೋದ್ ಮುತಾಲಿಕ್ ಅವರಿಗೆ ಗುಲಾಬಿ ಚಡ್ಡಿಗಳನ್ನು ಅಂಚೆಯಲ್ಲಿ ಕಳಿಸಿದರು. ಪ್ರತಿಯಾಗಿ ಸೇನೆಯವರು ಗುಲಾಬಿ ಸೀರೆ ಕಳಿಸುತ್ತೇವೆ ಎಂದರು. 2018ರ ಮಾರ್ಚ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಸಾಕ್ಷ್ಯ ಸಾಲದೆಂದು ಆರೋಪಿಗಳನ್ನು ಬಿಡುಗಡೆ ಮಾಡಿತು. ಜನರಿಗೆ ಈಗ ನೆನಪಿರುವುದು ಗುಲಾಬಿ ಚಡ್ಡಿ ಮಾತ್ರ. ಆವತ್ತು ಪೆಟ್ಟು ತಿಂದ ಹುಡುಗಿಯರು ಯಾರಿಗೂ ನೆನಪಿಲ್ಲ.

2022ರ ಜೂನ್‌ನಲ್ಲಿ ತಿಪಟೂರಿನಲ್ಲಿ ಆಗಿನ ಶಿಕ್ಷಣ ಸಚಿವರ ಮನೆಯ ಮುಂದೆ ಖಾಕಿ ಚಡ್ಡಿ ಸುಟ್ಟ ಪ್ರತಿಭಟನೆ ನಡೆಯಿತು. ಒಂದು ಪಕ್ಷದವರು ಸುಡುತ್ತೇವೆ ಎಂದರು, ಇನ್ನೊಂದು ಕಡೆಯವರು ಪೆಟ್ಟಿಗೆಯಲ್ಲಿ ತುಂಬಿ ಕಳಿಸಿದರು. ದಿನಗಟ್ಟಲೆ ಎಲ್ಲ ಚಾನೆಲ್‌ಗಳಲ್ಲೂ ಚಡ್ಡಿಯದೇ ಮಾತು. ಗಂಡಸರ ಚಡ್ಡಿ ಹೀಗೆ ಮುಖಪುಟಕ್ಕೆ ಬರಬಹುದು, ನಮ್ಮದು ಮಾತ್ರ ಅಂಗಳದ ತಂತಿಯ ಮೇಲೂ ಬರಬಾರದು!

ಇದು ನಗುವ ಮಾತಷ್ಟೇ ಅಲ್ಲ. 2022ರ ಜುಲೈ 17ರಂದು ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ನೀಟ್ ಪರೀಕ್ಷೆಗೆ ಹೋದ ಹುಡುಗಿಯರಿಗೆ, ಲೋಹದ ಹುಕ್ ಇದೆ ಎಂಬ ಕಾರಣಕ್ಕೆ ಬ್ರಾ ಬಿಚ್ಚಿಸಿ ಒಳಗೆ ಕಳಿಸಿದರೆಂಬ ದೂರು ಬಂತು. ಆ ಮಕ್ಕಳು ಮೂರು ಗಂಟೆಗೂ ಹೆಚ್ಚು ಹೊತ್ತು ಮೈ ಮುದುಡಿಕೊಂಡು ಹೇಗೆ ಬರೆದಿರಬೇಡ? ಕೊನೆಗೆ ಆ ವರ್ಷದ ಸೆಪ್ಟೆಂಬರ್ 4ರಂದು ಮರುಪರೀಕ್ಷೆ ಬರೆಯುವ ಅವಕಾಶ ಕೊಡಬೇಕಾಯಿತು. ಗೆರೆ ಕಂಡರೆ ತಪ್ಪು, ಹುಕ್ ಇದ್ದರೆ ತಪ್ಪು, ಹಾಕದಿದ್ದರೂ ತಪ್ಪು. ನಮ್ಮ ಮಕ್ಕಳು ಮಾಡಬೇಕಾದ್ದಾದರೂ ಏನು?

ನೋಡಬೇಕಾದ ಗೆರೆ ಬೇರೆ ಇದೆ

ಗೆಳತಿಯರೇ, ಬಟ್ಟೆಯ ಮೇಲೆ ಕಾಣುವ ಗೆರೆಯನ್ನು ಊರೆಲ್ಲ ನೋಡುತ್ತದೆ. ರಾತ್ರಿ ಬಟ್ಟೆ ಬದಲಿಸುವಾಗ ಮೈಮೇಲೆ ಕಾಣುವ ಗೆರೆಯನ್ನು ನೋಡುವವರು ನಾವು ಮಾತ್ರ. ಲಂಗದ ಲಾಡಿ ಕೊರೆದ ಗುರುತು, ಬ್ರಾ ಪಟ್ಟಿ ಹೆಗಲ ಮೇಲೆ ಮಾಡಿದ ಹಳ್ಳ, ತೊಡೆಸಂದಿಯಲ್ಲಿ ಎಲಾಸ್ಟಿಕ್ ಉಜ್ಜಿ ಕಪ್ಪಾದ ಜಾಗ. "ಎಲ್ಲರಿಗೂ ಇರೋದೇ ಬಿಡಿ" ಎಂದು ಸುಮ್ಮನಾಗುತ್ತೇವೆ.

ಸುಮ್ಮನಾಗಬಾರದು ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ವಾರ್ಧಾ ಮತ್ತು ಬಿಹಾರದ ವೈದ್ಯರು ಇಬ್ಬರು ಮಹಿಳೆಯರ ವಿಷಯವನ್ನು 2024ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಒಬ್ಬರಿಗೆ 70 ವರ್ಷ. ಪಕ್ಕೆಯಲ್ಲಿ 18 ತಿಂಗಳಾದರೂ ವಾಸಿಯಾಗದ ಹುಣ್ಣು. ಇನ್ನೊಬ್ಬರು ಅರವತ್ತು ದಾಟಿದವರು. ಇಬ್ಬರೂ ದಶಕಗಟ್ಟಲೆ ಸೊಂಟಕ್ಕೆ ಬಿಗಿಯಾಗಿ ಕಟ್ಟಿದವರೇ. ಪರೀಕ್ಷೆ ಮಾಡಿಸಿದರೆ ಚರ್ಮದ ಕ್ಯಾನ್ಸರ್. ಇದು ಹೊಸದೂ ಅಲ್ಲ, ಧೋತ್ರ ಕಟ್ಟಿದ ಜಾಗದಲ್ಲಿ ಬರುವ ಕ್ಯಾನ್ಸರ್ ಬಗ್ಗೆ ನಮ್ಮ ವೈದ್ಯರು 1945ರಲ್ಲೇ ಬರೆದಿದ್ದಾರೆ. ಹೆದರಬೇಡಿ, ಇದು ತೀರಾ ಅಪರೂಪ. ಆದರೆ ಒಂದೇ ಜಾಗ ವರ್ಷಾನುಗಟ್ಟಲೆ ಉಜ್ಜಿ, ಬೆವತು, ಒಡೆದು, ಮತ್ತೆ ಮತ್ತೆ ಹುಣ್ಣಾಗುವುದನ್ನು ಹಗುರವಾಗಿ ಕಾಣಬಾರದು. ಲಾಡಿ ಸಡಿಲ ಮಾಡಿಯೂ ಮಾಯದ ಹುಣ್ಣನ್ನು ಡಾಕ್ಟರಿಗೆ ತೋರಿಸಿ.

ಟವೆಲ್ ಕೆಳಗಿನ ಗುಟ್ಟು

ನಮ್ಮ ಕಡೆ ಇನ್ನೊಂದು ತಾಪತ್ರಯ ಮಳೆಯದು. ಕೊಟ್ಟಿಗೆಹಾರ, ಕಳಸದ ಕಡೆ ಮಳೆ ಕೂತಿತೆಂದರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ನಾನು ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ನನ್ನ ಒಳಬಟ್ಟೆಗಳನ್ನು ಲಂಗದ ಕೆಳಗೆ ಹಾಕಿ, ಅದರ ಮೇಲೆ ಟವೆಲ್ ಹರವುತ್ತಿದ್ದೆ. ಮನೆಯಲ್ಲಿ ಮಾವ, ಭಾವ, ತೋಟದ ಆಳುಗಳು ಓಡಾಡುತ್ತಾರಲ್ಲ! ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ. ಅದನ್ನೇ ಹಾಕಿಕೊಳ್ಳುತ್ತಿದ್ದೆ. ಆಗಸ್ಟ್ ಹೊತ್ತಿಗೆ ತೊಡೆಸಂದಿಯಲ್ಲಿ ಹುಳಕಡ್ಡಿ. ಹೇಳಲು ನಾಚಿಕೆಯಾಗಿ ಔಷಧಿ ಅಂಗಡಿಯಿಂದ ಒಂದು ಮುಲಾಮು ತರಿಸಿ ಹಚ್ಚಿದೆ. ನಾಲ್ಕು ದಿನ ತುರಿಕೆ ನಿಂತಿತು, ಆಮೇಲೆ ಎರಡರಷ್ಟು ಹರಡಿತು.

ಕೊನೆಗೆ ಚಿಕ್ಕಮಗಳೂರಿಗೆ ಹೋಗಿ ತೋರಿಸಿದಾಗ ಲೇಡಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಬಟ್ಟೆ ಎಲ್ಲಿ ಒಣಗಿಸ್ತೀರಮ್ಮ?" ನಾನು ಹಚ್ಚಿದ್ದು ಸ್ಟೀರಾಯ್ಡ್ ಬೆರೆತ ಮುಲಾಮಂತೆ. ಅದು ತುರಿಕೆಯನ್ನು ಅಡಗಿಸಿ ಫಂಗಸ್ ಬೆಳೆಯಲು ಬಿಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿತು. ನಾವು ಕೇಳುವುದನ್ನೂ ನಿಲ್ಲಿಸಬೇಕಲ್ಲ?

ಮನೆಗೆ ಬಂದವಳು ಧೈರ್ಯ ಮಾಡಿ ಬಚ್ಚಲ ಒಲೆಯ ಮೇಲೆ ಒಂದು ತಂತಿ ಕಟ್ಟಿಸಿದೆ. ಎಲ್ಲವನ್ನೂ ಬಿಡಿಬಿಡಿಯಾಗಿ ಅಲ್ಲೇ ಹಾಕಿದೆ. ಅತ್ತೆ ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದರು. ಮೂರನೇ ದಿನ ನೋಡಿದರೆ ನನ್ನ ಬಟ್ಟೆಯ ಪಕ್ಕದಲ್ಲಿ ಅವರ ಎರಡು ಬಾಡಿಗಳು! "ಎಂಥ ಮಾಡದು ಮಾರಾಯ್ತಿ, ನನಗೂ ಕೆರೆತ, ಎಷ್ಟು ವರ್ಷದ್ದೋ" ಎಂದರು. ಅಷ್ಟು ವರ್ಷ ಅವರು ಯಾರಿಗೂ ಹೇಳಿರಲಿಲ್ಲ. ತೋಟದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಇಡೀ ದಿನ ನೆನೆದು, ಸಂಜೆ ಇಕ್ಕಟ್ಟಿನ ಲೈನ್ ಮನೆಗೆ ಹೋಗುವ ಹೆಣ್ಣಾಳುಗಳು ಇನ್ನೆಷ್ಟು ಅನುಭವಿಸುತ್ತಾರೋ! ನಿಮ್ಮಲ್ಲಿ ತೋಟವಿದ್ದರೆ ಅವರಿಗೂ ಬಟ್ಟೆ ಒಣಗಿಸಲು ಒಂದು ಬೆಚ್ಚಗಿನ ಜಾಗ ಮಾಡಿಕೊಡಿ.

ಹಾಗಾದರೆ ತಪ್ಪು ಯಾವುದು?

ಗೆರೆ ಕಾಣಲು ಕಾರಣ ಮೂರು. ಅಳತೆ ಚಿಕ್ಕದಾಗಿ ಮಾಂಸ ಉಬ್ಬಿದ್ದರೆ, ಅದನ್ನು ಆರೋಗ್ಯಕ್ಕಾಗಿ ಸರಿಮಾಡಿಕೊಳ್ಳಿ. ಬಟ್ಟೆ ತೆಳುವಾಗಿದ್ದರೆ ಅಥವಾ ಬಣ್ಣ ಹೊಂದದಿದ್ದರೆ ಅದು ನಿಮ್ಮ ಇಷ್ಟದ ವಿಷಯ, ಬೇಕಾದರೆ ಬದಲಿಸಿ. ಇವೆರಡೂ ಇಲ್ಲದೆ ಕಂಡರೆ ಅದು ಬರೀ ಹೊಲಿಗೆಯ ಗೆರೆ, ಯಾರ ತಪ್ಪೂ ಅಲ್ಲ.

ಬೇರೆಯವರಿಗೆ ಹೇಳುವ ಮುನ್ನವೂ ಯೋಚಿಸಿ. ಹುಕ್ ಬಿಚ್ಚಿದ್ದರೆ, ಜಿಪ್ ಜಾರಿದ್ದರೆ, ಕಲೆಯಾಗಿದ್ದರೆ ಮೆಲ್ಲಗೆ ಹೇಳಿ. ಅದು ಉಪಕಾರ, ಅವರು ಐದು ನಿಮಿಷದಲ್ಲಿ ಸರಿಮಾಡಿಕೊಳ್ಳಬಹುದು. ಗೆರೆಯನ್ನು ಮದುವೆ ಮನೆಯಲ್ಲಿ ನಿಂತು ಸರಿಮಾಡಲು ಆಗುತ್ತದೆಯೇ? ಆಗದ್ದನ್ನು ಹೇಳಿದರೆ ಉಳಿಯುವುದು ಅವಮಾನವೊಂದೇ.

ಹೀಗೆ ಮಾಡಿ ನೋಡಿ

* ಎದೆಯ ಕೆಳಗೆ ಟೇಪ್ ಸುತ್ತಿ ಅಳೆಯಿರಿ, ಆಮೇಲೆ ತುಂಬಿದ ಜಾಗದಲ್ಲಿ ಅಳೆಯಿರಿ. ಕೆಳಗೆ 34 ಇಂಚು, ಮೇಲೆ 36 ಇಂಚು ಬಂದರೆ ನಿಮ್ಮದು ಸುಮಾರಾಗಿ 34ಬಿ. ಒಂದಿಂಚು ವ್ಯತ್ಯಾಸಕ್ಕೆ ಎ, ಮೂರಕ್ಕೆ ಸಿ. ಹೆರಿಗೆಯಾದ ಮೇಲೆ, ತೂಕ ಬದಲಾದ ಮೇಲೆ ಮತ್ತೆ ಅಳೆಯಿರಿ.

* ಹೊಸ ಬ್ರಾ ಅತಿ ಸಡಿಲವಾದ ಹುಕ್ಕಿಗೆ ಸರಿಹೋಗಬೇಕು. ಎಲಾಸ್ಟಿಕ್ ಸಡಿಲವಾದಂತೆ ಒಳಗಿನ ಹುಕ್ಕಿಗೆ ಹೋಗಿ.

* ಬಿಳಿ ಬಟ್ಟೆಯೊಳಗೆ ಬಿಳಿಯದು ಎದ್ದು ಕಾಣುತ್ತದೆ. ಮೈಬಣ್ಣದ್ದು ಕಾಣುವುದಿಲ್ಲ.

* ಲೆಗ್ಗಿಂಗ್ಸ್‌ನಲ್ಲಿ ಗೆರೆ ಬೇಡವೆಂದರೆ ಅಂಚಿಗೆ ಎಲಾಸ್ಟಿಕ್ ಇಲ್ಲದ ಚಡ್ಡಿ ಸಿಗುತ್ತದೆ, ತಳಭಾಗ ಹತ್ತಿಯದಿರಲಿ. ಕಾಟನ್ ಪ್ಯಾಂಟ್ ಹಾಕಿದರೆ ಸಮಸ್ಯೆಯೇ ಇಲ್ಲ.

* ಲಂಗಕ್ಕೆ ತೆಳು ಲಾಡಿಯ ಬದಲು ಅಗಲ ಪಟ್ಟಿ ಹೊಲಿಸಿ. ಗಂಟಿನ ಜಾಗ ದಿನಾ ಬದಲಿಸಿ. ಮನೆಯಲ್ಲಿದ್ದಾಗ ಸಡಿಲ ಬಿಡಿ.

* ಒಳಬಟ್ಟೆ ಗಾಳಿ, ಬಿಸಿಲಿಗೆ ತೆರೆದಿರಲಿ. ಮಳೆಯಲ್ಲಿ ಒಲೆಯ ಮೇಲೆ ಒಣಗಿಸಿ ಅಥವಾ ಇಸ್ತ್ರಿ ಹಾಕಿ. ಹಸಿಯದನ್ನು ಮಾತ್ರ ತೊಡಬೇಡಿ.

ಮೊನ್ನೆ ನಾದಿನಿ ಮಗಳು ನಮ್ಮ ಮನೆಗೆ ಬಂದಿದ್ದಳು. ಅದೇ ತಿಳಿಗುಲಾಬಿ ಕುರ್ತಾ. ಕನ್ನಡಿಯ ಮುಂದೆ ನಿಂತು ತಿರುಗಿ ತಿರುಗಿ ನೋಡಿ, "ಅತ್ತೆ, ಗೆರೆ ಕಾಣುತ್ತಾ?" ಎಂದು ಕೇಳಿದಳು.

"ಕಾಣುತ್ತೆ" ಎಂದೆ. "ಬಿಗಿಯಾಗುತ್ತಾ?"

"ಇಲ್ಲ."

"ಹಾಗಾದ್ರೆ ಬಾ, ಕಡುಬು ಆರಿಹೋಗುತ್ತೆ."

ನಗುತ್ತಾ ಬಂದು ಕೂತಳು. ಶಾಲು ಗೂಟದಲ್ಲೇ ಇತ್ತು.