ಎರಡು ಗುಂಪುಗಳು

‘ಗುಂಪು’ ಎಂಬ ಮಾತಿಗೆ ಧಾರವಾಡದಲ್ಲಿ ಒಂದು ಕಾಲಕ್ಕೆ ದೊಡ್ಡ ಅರ್ಥವಿತ್ತು. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ನೆರೆದ ತರುಣರು ತಮ್ಮನ್ನು ‘ಗೆಳೆಯರ ಗುಂಪು’ ಎಂದು ಕರೆದುಕೊಂಡರು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಗೋಕಾಕರಂಥವರು ಆ ಬಳಗದವರು. ಇಂದು ಪತ್ರಿಕೆಯಲ್ಲಿ ಅದೇ ಮಾತು ಕಂಡರೆ, ಮುಂದಿನ ಮಾತು ಕಲ್ಲು ತೂರಾಟವೇ ಇರಬೇಕೆಂದು ಓದುಗರು ಊಹಿಸುತ್ತಾರೆ. ಹದಿನೆಂಟರ ಹುಡುಗ ಗುಂಪು ಕಟ್ಟದೆ ಇರಲಾರ. ಗುಂಪಿನ ನಡುವೆ ಯಾರು ಕೂತಿರುತ್ತಾರೆಂಬುದೇ ಪ್ರಶ್ನೆ. ನಮ್ಮ ಸರಕಾರಗಳು ಈ ಪ್ರಶ್ನೆಗೆ ಬೆನ್ನು ತಿರುಗಿಸಿ ಕೂತಿವೆಯೆಂಬುದೇ ನನ್ನ ಆಕ್ಷೇಪ.

ಹಳೇ ಹುಬ್ಬಳ್ಳಿಯ ಸಂಗತಿಯನ್ನೇ ನೋಡೋಣ. 2022ರ ಏಪ್ರಿಲ್ 16ರ ರಾತ್ರಿ, ಮೊಬೈಲಿನಲ್ಲಿ ಹರಿದಾಡಿದ ಒಂದು ಚಿತ್ರದ ನೆಪದಲ್ಲಿ ಜನ ಪೊಲೀಸ್ ಠಾಣೆಯ ಮುಂದೆ ಸೇರಿದರು, ಕಲ್ಲುಗಳು ಬಿದ್ದವು, ಪೊಲೀಸರು ಗಾಯಗೊಂಡರು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯೂ ಬಂತು. 2023ರಲ್ಲಿ ಸರಕಾರ ಬದಲಾಯಿತು. 2024ರ ಅಕ್ಟೋಬರದಲ್ಲಿ 43 ಮೊಕದ್ದಮೆಗಳನ್ನು ಹಿಂದಕ್ಕೆ ಪಡೆಯುವ ಆದೇಶ ಹೊರಟಿತು. ಅವುಗಳಲ್ಲಿ ಇದೂ ಒಂದು. 2025ರ ಮೇ ತಿಂಗಳಲ್ಲಿ ಹೈಕೋರ್ಟು ಆ ಆದೇಶವನ್ನೇ ರದ್ದು ಮಾಡಿತು. ಹಿಡಿಯುವುದು ಒಬ್ಬರ ನೀತಿ, ಬಿಡುವುದು ಇನ್ನೊಬ್ಬರ ನೀತಿ. ತಪ್ಪು ಯಾರದೆಂದು ನ್ಯಾಯಾಲಯ ಹೇಳಲಿ. ಆದರೆ ಆ ರಾತ್ರಿ ಅಲ್ಲಿಗೆ ಹೋದ ಹುಡುಗ ಹಿಂದಿನ ದಿನ ಸಂಜೆ ಎಲ್ಲಿದ್ದ, ಏನು ಮಾಡುತ್ತಿದ್ದ ಎಂದು ಇಬ್ಬರಲ್ಲಿ ಯಾರಾದರೂ ವಿಚಾರಿಸಿದರೆ?

2025ರಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ 248 ಸಿಬ್ಬಂದಿಯ ವಿಶೇಷ ಪಡೆಯೊಂದನ್ನು ಸರಕಾರ ರಚಿಸಿತು. ಪಡೆ ಬೇಡವೆನ್ನಲಾರೆ, ಬೆಂಕಿ ಬಿದ್ದಾಗ ಆರಿಸುವವರು ಬೇಕು. ಆದರೆ ಆರಿಸುವವರನ್ನಷ್ಟೇ ನೇಮಿಸಿಕೊಂಡು ಅದನ್ನೇ ‘ತಡೆ’ ಎಂದು ಕರೆಯುವುದು ಭಾಷೆಗೆ ಮಾಡಿದ ಅನ್ಯಾಯ.

ತರುಣರಿಗೆ ‘ಯುವನಿಧಿ’ ಇದೆಯಲ್ಲ ಎನ್ನುವಿರಿ. 2024ರ ಜನವರಿಯಲ್ಲಿ ಆರಂಭವಾದ ಆ ಯೋಜನೆಯಲ್ಲಿ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವನಿಗೆ 1,500. ಎಸ್.ಎಸ್.ಎಲ್.ಸಿ.ಯಲ್ಲಿಯೇ ನಿಂತವನಿಗೆ? ಏನೂ ಇಲ್ಲ. 2025ರ ಮೊದಲ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ನಪಾಸಾದರು. ಯಾರ ಕೈಗೆ ಕಲ್ಲು ಸುಲಭವಾಗಿ ಬರುತ್ತದೆಯೋ ಅವನೇ ಯೋಜನೆಯ ಹೊರಗೆ! ಲಕಮನಹಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಗುತ್ತಿಗೆ ದುಡಿಮೆಯ ಪಾಳಿ ಮುಗಿಸಿ ಹೊರಬಿದ್ದ ಹುಡುಗನಿಗೆ ಕೋಣೆಗೆ ಹೋಗುವ ಮೊದಲು ತೆರೆದಿರುವ ಬಾಗಿಲು ಯಾವುದು? ಮದ್ಯದ ಅಂಗಡಿಗೆ ಬಾಗಿಲಿದೆ. ದ್ವೇಷದ ವಿಡಿಯೋಗೆ ಬಾಗಿಲೂ ಬೇಡ, ಅದು ಅವನ ಕಿಸೆಯಲ್ಲಿಯೇ ಇದೆ.

ಮಕ್ಕಳನ್ನು ತಿದ್ದುವುದು ತಾಯಿತಂದೆಗಳ ಕೆಲಸ, ಸರಕಾರದ್ದಲ್ಲ ಎನ್ನುವ ಸಭ್ಯರಿದ್ದಾರೆ. ಇಬ್ಬರೂ ಕೂಲಿಗೆ ಹೋಗುವ ಮನೆಯನ್ನು ಅವರು ಕಂಡಿಲ್ಲವೆಂದೇ ತೋರುತ್ತದೆ. ಪೊಲೀಸ್ ಭರತಿಗೆ ಓಡುತ್ತ ಮೈ ಹುರಿಗೊಳಿಸಿದ ಹುಡುಗ ಒಂದು ರಾತ್ರಿ ಎಫ್.ಐ.ಆರ್.ನಲ್ಲಿ ಹೆಸರು ಬರೆಸಿಕೊಂಡರೆ, ನಡತೆ ಪರಿಶೀಲನೆಯಲ್ಲಿ ಅವನ ಆಸೆ ಅಲ್ಲಿಗೇ ಕುಸಿಯಬಹುದು. ಆ ಮೇಲೆ ಅವನು ಯಾರ ಹಿಂದೆ ಹೋಗಬೇಕು?

ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ 2005ರಲ್ಲಿ ಪೊಲೀಸರೇ ಹಿಂಸೆಯನ್ನು ಸಾಂಕ್ರಾಮಿಕ ರೋಗದಂತೆ ಕಾಣಬೇಕೆಂದು ಒಂದು ಘಟಕ ಕಟ್ಟಿದರು. ಮುಂದೆ ಚೂರಿ ಹಿಡಿದ ತಂಡಗಳ ಹುಡುಗರನ್ನೇ ಕರೆದು, ಬಿಟ್ಟರೆ ಉದ್ಯೋಗ-ಶಿಕ್ಷಣಕ್ಕೆ ನೆರವು, ಬಿಡದಿದ್ದರೆ ಕಟ್ಟುನಿಟ್ಟಿನ ಕ್ರಮ ಎಂದರು. ಅಲ್ಲಿ ಕೊಲೆಗಳು ಬಹಳ ಇಳಿದವು.

ನಮ್ಮಲ್ಲಿ ಹಣವಿಲ್ಲವೆ? 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜತೆಗೆ ಶೇ. 6 ಗ್ರಂಥಾಲಯ ಕರವನ್ನು ನಾವು ಕಟ್ಟುತ್ತೇವೆ. ಅದರ ಲೆಕ್ಕ ಕೇಳೋಣ. ಓಣಿ ಓಣಿಗೆ ರಾತ್ರಿ ಹತ್ತರ ತನಕ ತೆರೆದ ವಾಚನಾಲಯ, ಅದರ ಮಗ್ಗುಲಿಗೆ ಗರಡಿಯೋ ಕಬಡ್ಡಿಯ ಅಂಗಳವೋ, ಸಂಬಳ ಪಡೆದು ಹುಡುಗರ ಹೆಸರು ಬಲ್ಲ ಒಬ್ಬ ಮಾಸ್ತರ: ಇಷ್ಟನ್ನು ಬೇಡುವುದು ದುರಾಸೆಯಲ್ಲ. ಹುಡುಗ ಮೊದಲ ದಿನ ಪುಸ್ತಕಕ್ಕೆ ಬರಲಿಕ್ಕಿಲ್ಲ, ಆಟಕ್ಕೆ ಬರಲಿ. ಎಲ್ಲ ಧರ್ಮದ ಹುಡುಗರೂ ಒಂದೇ ಅಂಗಳದಲ್ಲಿ ಬೆವರಿದರೆ, ಒಂದು ಚಿತ್ರ ಬಂದ ರಾತ್ರಿ ‘ಇದು ಸುಳ್ಳೋ’ ಎನ್ನಲು ಅವರಲ್ಲೊಬ್ಬನಿಗಾದರೂ ಧೈರ್ಯ ಬಂದೀತು.

ಗೆಳೆಯರ ಗುಂಪಿನ ನಡುವೆ ಒಬ್ಬ ಕವಿಯಿದ್ದ. ನಮ್ಮ ಓಣಿಯ ಗುಂಪಿಗೆ ಕವಿ ಬೇಕಿಲ್ಲ, ಹಿರಿಯನೊಬ್ಬ ಸಾಕು. ಅವನನ್ನು ಕಳಿಸದ ಸರಕಾರ ನಾಳೆ ಲಾಠಿಯನ್ನು ಮಾತ್ರ ಕಳಿಸಿದರೆ, ಆ ಲಾಠಿಯ ಪೆಟ್ಟಿನಲ್ಲಿ ತೆರಿಗೆ ಕಟ್ಟಿ ಸುಮ್ಮನೆ ಕೂತ ನಮ್ಮ ಪಾಲೂ ಇರುತ್ತದೆ.