ಮಕ್ಕಳು ನೋಡುವ ಜಪಾನೀ ಕಥೆಗಳನ್ನು ನಾವೂ ಒಮ್ಮೆ ನೋಡೋಣ

ಕಳೆದ ಮಳೆಗಾಲದಲ್ಲಿ ರಾಣೆಬೆನ್ನೂರಿನ ಮನೆಯೊಂದಕ್ಕೆ ಕುಟುಂಬ ಭೇಟಿಗಾಗಿ ಹೋಗಿದ್ದೆವು. ಪ್ರಾರ್ಥನೆ ಮುಗಿದು ಚಹಾ ಬರುವಷ್ಟರಲ್ಲಿ ಆ ಮನೆಯ ತಾಯಿ ತಮ್ಮ ಅಳಲನ್ನು ತೋಡಿಕೊಂಡರು. "ಫಾದರ್, ಇಂವ ಊಟಾ ಬಿಟ್ಟು ರಾಕ್ಷಸರ ಕಾರ್ಟೂನ್ ನೋಡ್ಕೋತ ಕುಂದರ್ತಾನ್ರಿ. ತಲಿ ಕಡಿಯೋದು, ರಕ್ತ ಹರಿಸೋದು, ಬರೇ ಇದಽ. ನೀವರ ಒಂದ್ ಮಾತು ಹೇಳ್ರಿ" ಎಂದರು. ಒಂಬತ್ತನೆಯ ತರಗತಿಯ ಹುಡುಗ ಮೊಬೈಲನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದ. ಇಂತಹ ಸಂದರ್ಭದಲ್ಲಿ ಹಿರಿಯರು ಹೇಳುವುದನ್ನೇ ನಾವೂ ಹೇಳಿದೆವು: ಇವು ಮನಸ್ಸನ್ನು ಕೆಡಿಸುತ್ತವೆ, ಇವುಗಳಲ್ಲಿ ಕಥೆಯೂ ಇಲ್ಲ, ನೀತಿಯೂ ಇಲ್ಲ. ಹುಡುಗ ಸಿಟ್ಟಾಗಲಿಲ್ಲ. "ನೀವು ನೋಡೀರೇನ್ರಿ ಫಾದರ್?" ಎಂದು ಮೆಲ್ಲಗೆ ಕೇಳಿದ. ನಾವು ನೋಡಿರಲಿಲ್ಲ.

ಮರಳಿ ಬರುವಾಗ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುವಾಗ ನಾವು ಕಲಿತ ಮೊದಲ ಪಾಠಗಳಲ್ಲಿ ಒಂದು ಹೀಗಿತ್ತು: ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಯಾವ ಪ್ರಶ್ನೆಯನ್ನು ಎತ್ತಿಕೊಂಡರೂ ಎದುರು ಪಕ್ಷದ ವಾದಗಳನ್ನು ಮೊದಲು ಮುಂದಿಟ್ಟು, ಆ ಮೇಲೆಯೇ ಉತ್ತರ ಹೇಳುತ್ತಾರೆ. ಆ ಪಾಠವನ್ನು ಮೂವತ್ತು ವರ್ಷ ಉಪದೇಶಿಸಿದ ನಾವು ಒಬ್ಬ ಬಾಲಕನ ಮುಂದೆ ಅದನ್ನು ಮರೆತಿದ್ದೆವು. ಆದುದರಿಂದ ಮುಂದಿನ ಕೆಲವು ತಿಂಗಳು, ರಾತ್ರಿಯ ಊಟದ ನಂತರ, ಮಕ್ಕಳು ಬರೆದುಕೊಟ್ಟ ಪಟ್ಟಿಯನ್ನು ಹಿಡಿದು ಈ ಕಥೆಗಳನ್ನು ನೋಡಿದೆವು. ಅದರಿಂದ ಮೂಡಿದ ಅಭಿಪ್ರಾಯವನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಜಪಾನಿನಲ್ಲಿ ತಯಾರಾಗುವ ಈ ಚಿತ್ರಕಥಾ ಮಾಲಿಕೆಗಳಿಗೆ ಮಕ್ಕಳು 'ಅನಿಮೆ' ಎನ್ನುತ್ತಾರೆ. ಇದೇನೋ ನಿನ್ನೆ ಮೊನ್ನೆ ಬಂದ ಪಿಡುಗು ಎಂದು ಭಾವಿಸುವ ತಂದೆತಾಯಿಗಳಿಗೆ ಒಂದು ಮಾತು. 1993ರಲ್ಲಿ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿದ್ದ 'ಜಂಗಲ್ ಬುಕ್' ನಿಮಗೆ ನೆನಪಿರಬಹುದು. ಗುಲ್ಜಾರರು ಬರೆದ ಅದರ ಹಾಡನ್ನು ಹಿಂದಿ ಬಾರದವರೂ ಗುನುಗುತ್ತಿದ್ದರು. ಶೇರ್ ಖಾನನಿಗೆ ನಾನಾ ಪಾಟೇಕರರ ಧ್ವನಿಯಿತ್ತು. ಆ ಮಾಲಿಕೆಯನ್ನು ರಚಿಸಿದ್ದು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ. ಅದೇ ಕಾಲದಲ್ಲಿ ಯುಗೋ ಸಾಕೋ ಎಂಬ ಜಪಾನೀಯರು ನಮ್ಮವರೇ ಆದ ರಾಮ್ ಮೋಹನರೊಡನೆ ಸೇರಿ ರಾಮಾಯಣವನ್ನು ಇದೇ ಬಗೆಯ ಚಲನಚಿತ್ರವನ್ನಾಗಿ ಮಾಡಿದರು. 2025ರ ಜನವರಿಯಲ್ಲಿ ಅದು ನಮ್ಮ ದೇಶದ ಚಿತ್ರಮಂದಿರಗಳಿಗೆ ಮರಳಿ ಬಂದಿತು. ಹಾಗಾದರೆ ಇಂದು ಮಕ್ಕಳನ್ನು ಗದರಿಸುವ ತಂದೆತಾಯಿಗಳಲ್ಲಿ ಅನೇಕರು ತಮಗೆ ಅರಿವಿಲ್ಲದೆಯೇ ಜಪಾನೀ ಕಥೆಗಳನ್ನು ನೋಡಿ ಬೆಳೆದವರು.

ಕಥೆಯನ್ನು ಅಳೆಯುವುದು ಹೇಗೆ? ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ಕಥಾಸಂವಿಧಾನಕ್ಕೆ ಮೊದಲ ಸ್ಥಾನವನ್ನೂ ಪಾತ್ರಕ್ಕೆ ಎರಡನೆಯ ಸ್ಥಾನವನ್ನೂ ಕೊಟ್ಟನು. ವ್ಯಕ್ತಿಯೊಬ್ಬನು ಏನನ್ನು ಆರಿಸಿಕೊಳ್ಳುತ್ತಾನೆ ಎಂಬುದರಲ್ಲಿ ಅವನ ಶೀಲ ಪ್ರಕಟವಾಗುತ್ತದೆ ಎಂದೂ ಹೇಳಿದನು. ಇದರಿಂದ ನಮಗೊಂದು ಸರಳವಾದ ಅಳತೆಗೋಲು ದೊರಕುತ್ತದೆ. ಈ ಕಥೆಯಲ್ಲಿ ಪಾತ್ರವು ಮಾಡುವ ಆಯ್ಕೆಗೆ ಬೆಲೆ ತೆರಬೇಕಾಗುತ್ತದೆಯೇ? ಬೆಲೆ ತೆತ್ತ ಮೇಲೆ ಆ ಪಾತ್ರವು ಮೊದಲಿನಂತೆಯೇ ಉಳಿಯುತ್ತದೆಯೇ, ಬದಲಾಗುತ್ತದೆಯೇ?

ಈ ಅಳತೆಗೋಲಿನಿಂದ ನೋಡಿದರೆ ಎಲ್ಲ ಅನಿಮೆಯೂ ಒಂದೇ ಅಲ್ಲ. ಚಿಕ್ಕ ಮಕ್ಕಳ ಮೆಚ್ಚಿನ 'ಡೊರೇಮಾನ್' ಅನ್ನು ತೆಗೆದುಕೊಳ್ಳಿ. ನೋಬಿತಾ ಅಳುತ್ತಾನೆ, ಯಂತ್ರಬೆಕ್ಕು ತನ್ನ ಚೀಲದಿಂದ ಒಂದು ಉಪಕರಣವನ್ನು ಕೊಡುತ್ತದೆ, ನೋಬಿತಾ ಅದನ್ನು ದುರುಪಯೋಗ ಮಾಡಿ ಪೆಟ್ಟು ತಿನ್ನುತ್ತಾನೆ. ಮರುದಿನ ಮತ್ತೆ ಅದೇ ಅಳು. ನಗುವಿಗೆ ಇದು ಸಾಕು, ಬೆಳವಣಿಗೆಗೆ ಸಾಲದು. ಆದರೆ ಅದೇ ಲೇಖಕರು 1974ರಲ್ಲಿ ಬರೆದ ಒಂದು ಕಥೆಯಲ್ಲಿ, ಬೆಕ್ಕು ತನ್ನ ಕಾಲಕ್ಕೆ ಹಿಂದಿರುಗಬೇಕಾದಾಗ, ಅದು ನಿಶ್ಚಿಂತೆಯಿಂದ ಹೋಗಲಿ ಎಂದು ನೋಬಿತಾ ಯಾವ ಉಪಕರಣವೂ ಇಲ್ಲದೆ ಒಬ್ಬನೇ ಜಿಯಾನನನ್ನು ಎದುರಿಸಿ ನಿಲ್ಲುತ್ತಾನೆ. ಆ ಒಂದು ಕಥೆ ನೂರು ಕಂತುಗಳಿಗೆ ಸಮ.

'ಡ್ರ್ಯಾಗನ್ ಬಾಲ್' ಮಾಲಿಕೆಯಲ್ಲಿ ನಾವು ಕಂಡ ದೋಷ ಬೇರೆ. ಅಲ್ಲಿ ಏಳು ಗೋಲಗಳನ್ನು ಕೂಡಿಸಿದರೆ ಸತ್ತವನು ಎದ್ದು ಬರುತ್ತಾನೆ. ಸಾವು ಹಿಂತಿರುಗಿಸಬಹುದಾದ ಸಾಲವಾದಾಗ ತ್ಯಾಗಕ್ಕೆ ತೂಕವೇ ಉಳಿಯುವುದಿಲ್ಲ. ಒಬ್ಬ ಬಲಶಾಲಿಯ ಮೇಲೆ ಇನ್ನೊಬ್ಬ ಬಲಶಾಲಿ, ಅವನ ಮೇಲೆ ಮತ್ತೊಬ್ಬ; ಕಥೆ ಉದ್ದವಾಗುತ್ತದೆಯೇ ಹೊರತು ಆಳವಾಗುವುದಿಲ್ಲ. ಮಕ್ಕಳು ಇದನ್ನು ಒಪ್ಪಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ತಿಳಿಸುತ್ತೇವೆ.

ಇದಕ್ಕೆ ಎದುರಾಗಿ 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಎಂಬ ಮಾಲಿಕೆಯಿದೆ. ಹೊಕ್ಕೈಡೋ ದ್ವೀಪದ ಹೈನುಗಾರ ಮನೆತನದಲ್ಲಿ ಬೆಳೆದ ಹಿರೊಮು ಅರಕಾವಾ ಎಂಬ ಮಹಿಳೆ ಇದರ ಮೂಲ ಚಿತ್ರಕಥೆಯನ್ನು 2001ರಿಂದ 2010ರವರೆಗೆ ಬರೆದರು. ತಾಯಿಯನ್ನು ಕಳೆದುಕೊಂಡ ಇಬ್ಬರು ಅಣ್ಣತಮ್ಮಂದಿರು ಅವಳನ್ನು ಬದುಕಿಸಲು ನಿಷಿದ್ಧ ವಿದ್ಯೆಗೆ ಕೈಹಾಕುತ್ತಾರೆ. ತಾಯಿ ಮರಳುವುದಿಲ್ಲ, ಅಣ್ಣ ಕಾಲನ್ನೂ ತಮ್ಮ ಇಡೀ ದೇಹವನ್ನೂ ಕಳೆದುಕೊಳ್ಳುತ್ತಾರೆ. ತಮ್ಮನ ಆತ್ಮವನ್ನು ಕಬ್ಬಿಣದ ಕವಚವೊಂದರಲ್ಲಿ ಉಳಿಸಿಕೊಳ್ಳಲು ಅಣ್ಣ ತನ್ನ ತೋಳನ್ನೂ ಕೊಡುತ್ತಾನೆ. ಏನನ್ನಾದರೂ ಪಡೆಯಬೇಕಾದರೆ ಅಷ್ಟೇ ಬೆಲೆಯದನ್ನು ಕೊಡಬೇಕೆಂಬುದು ಆ ಲೋಕದ ನಿಯಮ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಣ್ಣ ನೋಡಿ, ತೇವ ನೋಡಿ, ತೂಕ ಹಾಕಿಯೇ ಧಾರಣೆ. ಆದರೆ ಕಥೆಯ ಕೊನೆಯಲ್ಲಿ ಅಣ್ಣನು ತನ್ನ ಹೆಮ್ಮೆಯೇ ಆಗಿದ್ದ ವಿದ್ಯೆಯನ್ನು ತಮ್ಮನಿಗಾಗಿ ಬಿಟ್ಟುಕೊಡುತ್ತಾನೆ. ತಮ್ಮನಾದರೋ, ಹತ್ತನ್ನು ಪಡೆದವನು ತನ್ನದೊಂದನ್ನು ಕೂಡಿಸಿ ಹನ್ನೊಂದನ್ನು ಹಿಂದಿರುಗಿಸಬೇಕು ಎನ್ನುವ ನಿಲುವಿಗೆ ಬರುತ್ತಾನೆ. ನ್ಯಾಯದಿಂದ ಔದಾರ್ಯಕ್ಕೆ ದಾಟುವ ಈ ಹೆಜ್ಜೆಯನ್ನು ನಾವು ತರಗತಿಯಲ್ಲಿ ಎಷ್ಟೋ ಗಂಟೆ ಬೋಧಿಸಿದ್ದುಂಟು. ಆ ಲೇಖಕಿ ಅದನ್ನು ಇಬ್ಬರು ಹುಡುಗರ ಬಾಳಿನಲ್ಲಿ ತೋರಿಸಿದ್ದಾರೆ.

ಇನ್ನು ರಾಣೆಬೆನ್ನೂರಿನ ಬಾಲಕನ ರಾಕ್ಷಸ ಕಥೆ. ಅದರ ಹೆಸರು 'ಡೀಮನ್ ಸ್ಲೇಯರ್'. ಟಾಂಜಿರೋ ಎಂಬ, ಇದ್ದಿಲು ಮಾರುವ ಹುಡುಗನ ಮನೆಯವರನ್ನು ರಾಕ್ಷಸನು ಕೊಲ್ಲುತ್ತಾನೆ. ಉಳಿದ ಒಬ್ಬಳೇ ತಂಗಿ ತಾನೇ ರಾಕ್ಷಸಿಯಾಗುತ್ತಾಳೆ. ಅವಳನ್ನು ಮತ್ತೆ ಮನುಷ್ಯಳನ್ನಾಗಿಸಲು ಅವನು ಖಡ್ಗ ಹಿಡಿಯುತ್ತಾನೆ. ಆ ತಾಯಿ ಹೇಳಿದಂತೆ ತಲೆ ಕಡಿಯುವುದೂ ಉಂಟು, ರಕ್ತವೂ ಉಂಟು. ಆದರೆ ಒಂದು ದೃಶ್ಯವನ್ನು ನಾವು ಮರೆಯಲಾರೆವು. ಅನೇಕ ಮಕ್ಕಳನ್ನು ತಿಂದ, ಮೈತುಂಬ ಕೈಗಳಿರುವ ರಾಕ್ಷಸನೊಬ್ಬನನ್ನು ಟಾಂಜಿರೋ ಕೊಲ್ಲುತ್ತಾನೆ. ಬೂದಿಯಾಗುತ್ತಿರುವ ಅವನಿಗೆ ತಾನು ಬಾಲಕನಾಗಿದ್ದಾಗ ಅಣ್ಣನ ಕೈ ಹಿಡಿದದ್ದು ನೆನಪಾಗುತ್ತದೆ. ಟಾಂಜಿರೋ ಉಳಿದ ಆ ಕೈಯನ್ನು ತನ್ನ ಕೈಗಳಲ್ಲಿ ಹಿಡಿದು, ಇವನು ಮತ್ತೆಂದೂ ರಾಕ್ಷಸನಾಗದಿರಲಿ ಎಂದು ಪ್ರಾರ್ಥಿಸುತ್ತಾನೆ. ಆ ಪ್ರಾರ್ಥನೆಯ ಹಿಂದಿರುವ ಪುನರ್ಜನ್ಮದ ನಂಬಿಕೆ ನಮ್ಮದಲ್ಲ; ಆ ಕರುಣೆಯನ್ನು ಮಾತ್ರ ನಾವು ಗುರುತಿಸಬಲ್ಲೆವು. ಅವನು ದುಷ್ಟತನವನ್ನು ಕ್ಷಮಿಸಿ ಬಿಟ್ಟುಬಿಡುವುದಿಲ್ಲ, ದುಷ್ಟನೂ ಮನುಷ್ಯನಾಗಿದ್ದನೆಂಬುದನ್ನು ಮರೆಯುವುದೂ ಇಲ್ಲ.

ಇದು ಕನ್ನಡಿಗರಿಗೆ ಹೊಸದೇ? ಹತ್ತನೆಯ ಶತಮಾನದಲ್ಲಿ ರನ್ನನು ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ಎಂತಹ ಘನತೆಯಿಂದ ಚಿತ್ರಿಸಿದನೆಂದರೆ, ಸೋತವನಿಗಾಗಿ ಓದುಗನ ಕಣ್ಣು ಒದ್ದೆಯಾಗುತ್ತದೆ. ನಾಗಚಂದ್ರನ ರಾವಣನು ಸೀತೆಯ ನಿಷ್ಠೆಯನ್ನು ಕಂಡು ಪಶ್ಚಾತ್ತಾಪ ಪಡುತ್ತಾನೆ. ನಮ್ಮ ಸೀಮೆಯ ದೊಡ್ಡಾಟದಲ್ಲಿಯೂ ರಾಕ್ಷಸ ಪಾತ್ರವನ್ನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಗತ್ತಿನ ವೇಷ, ಗತ್ತಿನ ಮಾತು. ಕಥೆಯ ಈ ಹಿರಿಮೆಯನ್ನು ನಾವು ಮನೆಯಲ್ಲಿಟ್ಟು ಮರೆತೆವು. ಮಕ್ಕಳು ಅದನ್ನು ಜಪಾನಿನಿಂದ ತರಿಸಿಕೊಂಡರು.

ಮರೆತವರಲ್ಲಿ ನಾವು ಗುರುಗಳೂ ಸೇರಿದ್ದೇವೆ. ಹಾವೇರಿಯಲ್ಲಿ ಧರ್ಮೋಪದೇಶದ ತರಗತಿಯ ಬಾಲಕಿಯೊಬ್ಬಳು, "ಫಾದರ್, ಯೂದನ ಹಿಂದಿನ ಕಥೀ ಏನ್ರಿ?" ಎಂದು ಕೇಳಿದಳು. ಮೂವತ್ತು ಬೆಳ್ಳಿ ನಾಣ್ಯಗಳ ಆಸೆಗೆ ಗುರುವನ್ನು ಹಿಡಿದುಕೊಟ್ಟವನು ಎಂದಷ್ಟೇ ನಾವು ವರ್ಷವರ್ಷವೂ ಹೇಳುತ್ತ ಬಂದಿದ್ದೆವು. ಅವನು ಪಶ್ಚಾತ್ತಾಪಗೊಂಡು ಆ ಹಣವನ್ನು ಹಿಂದಿರುಗಿಸಲು ಹೋದನೆಂದು ಸಂತ ಮತ್ತಾಯರು ಬರೆದಿದ್ದಾರೆ. ಆ ಸಾಲನ್ನು ನಾವು ಬೇಗನೆ ದಾಟಿಬಿಡುತ್ತಿದ್ದೆವು. ಅಂದು ಪೇತ್ರನನ್ನೂ ಯೂದನನ್ನೂ ಒಟ್ಟಿಗೆ ಇಟ್ಟು ಮಾತನಾಡಿದೆವು. ಇಬ್ಬರೂ ಗುರುವಿಗೆ ತಪ್ಪಿದವರು, ಇಬ್ಬರೂ ನೊಂದವರು, ಒಬ್ಬನು ಮರಳಿ ಬಂದನು. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲವನ್ನೂ ಎಲ್ಲರಿಗೂ ತೋರಿಸಿರಿ ಎಂದು ನಾವು ಹೇಳುತ್ತಿಲ್ಲ. 'ಡೀಮನ್ ಸ್ಲೇಯರ್' ಪ್ರಾಥಮಿಕ ಶಾಲೆಯ ಮಕ್ಕಳಿಗೆ ತಕ್ಕುದಲ್ಲ. ಕೆಲವು ಮಾಲಿಕೆಗಳಲ್ಲಿ ಹೆಣ್ಣುಮಕ್ಕಳ ಚಿತ್ರಣ ಕೀಳಾಗಿದೆ. ಅಂತಹವನ್ನು ನಾವು ಅರ್ಧದಲ್ಲೇ ನಿಲ್ಲಿಸಿದೆವು. ಚಿಕ್ಕವರಿರುವ ಮನೆಗೆ 1975ರ 'ಎ ಡಾಗ್ ಆಫ್ ಫ್ಲಾಂಡರ್ಸ್' ಎಂಬ 52 ಕಂತುಗಳ ಮಾಲಿಕೆಯನ್ನು ಸೂಚಿಸುತ್ತೇವೆ. ಮಾಡದ ತಪ್ಪಿಗೆ ದೂಷಿತನಾದ ಬಡ ಬಾಲಕ ನೆಲ್ಲೋ, ಆಂಟ್‌ವರ್ಪ್ ಮಹಾದೇವಾಲಯದಲ್ಲಿ ರೂಬೆನ್ಸನ ಚಿತ್ರದ ಮುಂದೆ ತನ್ನ ನಾಯಿಯೊಂದಿಗೆ ಪ್ರಾಣಬಿಡುತ್ತಾನೆ. ಊರಿನವರಿಗೆ ಸತ್ಯ ತಿಳಿಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಅಲ್ಲಿ ಸಾವಿಗೆ ತೂಕವಿದೆ. ಆದುದರಿಂದಲೇ ಅದನ್ನು ಮಗು ಒಂಟಿಯಾಗಿ ನೋಡಬಾರದು.

ನಮ್ಮ ನಿಜವಾದ ಆತಂಕವೂ ಇಲ್ಲಿಯೇ ಇದೆ. ದೊಡ್ಡಾಟವನ್ನು ಊರೆಲ್ಲ ಕೂಡಿ ನೋಡುತ್ತಿತ್ತು. ಬೆಳಗಾದ ಮೇಲೆ ಕಟ್ಟೆಯ ಮೇಲೆ ಕುಳಿತು ಯಾರದು ಸರಿ, ಯಾರದು ತಪ್ಪು ಎಂದು ವಾದಿಸುತ್ತಿತ್ತು. ಇಂದು ಮಗುವೊಂದು ಅಂಗೈಯಗಲದ ಪರದೆಯಲ್ಲಿ, ಬಹುಪಾಲು ಹಿಂದಿಯಲ್ಲಿ, ಒಬ್ಬಂಟಿಯಾಗಿ ಅಳುತ್ತದೆ. 2025ರ ಸೆಪ್ಟೆಂಬರಿನಲ್ಲಿ ಇದೇ ಮಾಲಿಕೆಯ ಚಲನಚಿತ್ರ ನಮ್ಮ ದೇಶದಲ್ಲಿ ತೆರೆಕಂಡಾಗ ಹಿಂದಿ, ತಮಿಳು, ತೆಲುಗುಗಳ ಅವತರಣಿಕೆಗಳಿದ್ದವು, ಕನ್ನಡದ್ದಿರಲಿಲ್ಲ. ತಾನು ಕಂಡ ಕರುಣೆಗೆ ತಾಯ್ನುಡಿಯಲ್ಲಿ ಮಾತು ಸಿಗದ ಮಗು ಅದನ್ನು ಯಾರೊಡನೆ ಹಂಚಿಕೊಂಡೀತು? ಆ ಮಾತನ್ನು ಕೊಡಬೇಕಾದವರು ತಂದೆತಾಯಿಗಳು.

ಮೊನ್ನೆ ಮತ್ತೆ ಆ ಮನೆಗೆ ಹೋಗಿದ್ದೆವು. ತಪ್ಪು ನಮ್ಮದೆಂದು ಹುಡುಗನಿಗೆ ಹೇಳಿದೆವು. ತಾಯಿ ಈಗ ರೊಟ್ಟಿ ಬಡಿಯುತ್ತ ಅವನೊಂದಿಗೆ ನೋಡುತ್ತಾರಂತೆ. ಊಟದ ಹೊತ್ತಿಗೆ ಮೊಬೈಲು ಮಾಡದ ಮೇಲೆ. "ರಕ್ತ ನೋಡಿದ್ರ ನನಗ ಇನ್ನೂ ಆಗೂದಿಲ್ರಿ ಫಾದರ್. ಆದ್ರ ಆ ತಂಗೀನ ಬೆನ್ನ ಮ್ಯಾಗ ಹೊತ್ಕೊಂಡು ತಿರಗ್ತಾನಲ್ರಿ, ಅದೇನಾತು ಅಂತ ಗೊತ್ತಾಗಬೇಕು" ಎಂದರು. ಪ್ರಿಯ ತಂದೆತಾಯಿಗಳೇ, ಬೇಡವೆನ್ನುವ ಅಧಿಕಾರ ನಿಮಗಿದೆ. ಅದನ್ನು ಚಲಾಯಿಸುವ ಮುನ್ನ ಒಂದು ಕಂತನ್ನಾದರೂ ಮಗುವಿನ ಪಕ್ಕದಲ್ಲಿ ಕುಳಿತು ನೋಡಿರಿ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿರಿ: "ನೀ ಅವನ ಜಾಗಾದಾಗ ಇದ್ದಿದ್ರ ಏನ್ ಮಾಡ್ತಿದ್ದಿ?"